ವಾರ್ಡ್ ಸಭೆಯಲ್ಲಿ ಆಡಿದ ಮಾತು ಎಲ್ಲಿಗೆ ಹೋಗುತ್ತದೆ?

"ಯಾವ ಕಂಬ ಅಮ್ಮಾ? ನಂಬರ್ ಹೇಳಿ" ಎಂದು ಎಂಜಿನಿಯರ್ ಕೇಳಿದರು.

ಹಿಂದೆ ಗೋಡೆಗೆ ಒರಗಿ ನಿಂತಿದ್ದ ಹೂ ಮಾರುವ ಹೆಂಗಸು ಒಂದು ಗಳಿಗೆ ತಬ್ಬಿಬ್ಬಾದರು. "ಕಂಬಕ್ಕೆ ನಂಬರ್ ಇರ್ತದಾ ಸಾರ್? ಮಾರಮ್ಮನ ಗುಡಿ ದಾಟಿದ ಮೇಲೆ ಒಂದು, ಆಟೋ ಸ್ಟ್ಯಾಂಡ್ ಹತ್ರ ಒಂದು, ಆಮೇಲೆ ನಮ್ಮ ಗಲ್ಲಿ ಬಾಯಲ್ಲೇ ಒಂದು. ಮೂರೂ ಉರಿಯಲ್ಲ. ಏಳು ಗಂಟೆ ಮೇಲೆ ನನ್ ಮಗಳು ಟ್ಯೂಷನ್ ಮುಗಿಸ್ಕೊಂಡು ಅದೇ ದಾರೀಲಿ ಬರಬೇಕು."

ಆ ಬೀದಿ ಬಲ್ಲ ಯಾರಿಗೂ ಇದಕ್ಕಿಂತ ಸ್ಪಷ್ಟವಾದ ವಿಳಾಸ ಬೇಕಿರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಗುಮಾಸ್ತರು ತಲೆಯಾಡಿಸಿ ಬರೆದುಕೊಂಡರು. ಒಂದು ತಿಂಗಳು ಕಳೆದು ಆ ಪುಟವನ್ನು ನಾನು ಕೇಳಿ ತೆಗೆಸಿ ಓದಿದಾಗ ಅಲ್ಲಿ ಇದ್ದದ್ದು ಎರಡೇ ವಾಕ್ಯ: "ಬೀದಿದೀಪಗಳ ಸಮಸ್ಯೆ ಕುರಿತು ಚರ್ಚಿಸಲಾಯಿತು. ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು."

ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಚರ್ಚೆಯಾಗಿತ್ತು, ತೀರ್ಮಾನವೂ ಆಗಿತ್ತು. ಆದರೆ ಮಾರಮ್ಮನ ಗುಡಿ ಅಲ್ಲಿರಲಿಲ್ಲ, ಆಟೋ ಸ್ಟ್ಯಾಂಡ್ ಇರಲಿಲ್ಲ, ಮೂರು ಎಂಬ ಲೆಕ್ಕ ಇರಲಿಲ್ಲ, ಟ್ಯೂಷನ್ ಮುಗಿಸಿ ಬರುವ ಹುಡುಗಿಯೂ ಇರಲಿಲ್ಲ. ಮುಂದಿನ ಸಭೆಗೆ ಬಂದವರು ಬೇರೊಬ್ಬ ಎಂಜಿನಿಯರ್. ಆ ಸಾಲು ಓದಿ "ಯಾವ ದೀಪ?" ಎಂದರು. ಉತ್ತರ ಗೊತ್ತಿದ್ದ ಹೆಂಗಸು ಆ ಹೊತ್ತಿನಲ್ಲಿ ಬುಟ್ಟಿಯ ಮುಂದೆ ಕೂತು ಮೊಳ ಹಾಕುತ್ತಿದ್ದರು. ವ್ಯಾಪಾರದ ಹೊತ್ತು ಬಿಟ್ಟು ತಿಂಗಳು ತಿಂಗಳೂ ಬರಲು ಅವರಿಗೆ ಹೇಗಾದೀತು?

ವಾರ್ಡ್ ಸಮಿತಿ ರಚನೆಯಾಗಬೇಕು, ಸಭೆ ತಪ್ಪದೆ ನಡೆಯಬೇಕು, ಜನ ಬಂದು ಮಾತಾಡಬೇಕು ಎಂದು ನಾವು ವರ್ಷಗಳಿಂದ ಒತ್ತಾಯಿಸುತ್ತ ಬಂದಿದ್ದೇವೆ. ಆ ಒತ್ತಾಯದಲ್ಲಿ ನಾನೂ ಒಬ್ಬ. ಆದರೆ ಸಭೆಗಳಲ್ಲಿ ಕೂತು ಕೂತು ನನಗೆ ಖಚಿತವಾಗಿರುವ ಒಂದು ವಿಷಯವಿದೆ. ನಿವಾಸಿಯ ದೂರು ಬದುಕುವುದೂ ಸಾಯುವುದೂ ನಡಾವಳಿ ಪುಸ್ತಕದಲ್ಲಿ. ಅಲ್ಲಿ ಅದು ಯಾವ ಮಾತಿನಲ್ಲಿ ಇಳಿಯಿತು, ಮುಂದಿನ ಸಭೆ ಆ ಪುಟ ತೆರೆದು ಶುರುವಾಯಿತೇ ಎಂಬುದನ್ನು ನೋಡಿದರೆ ಸಾಕು, ಆ ವಾರ್ಡಿನಲ್ಲಿ ಜನರ ಮಾತಿಗೆ ಬೆಲೆ ಇದೆಯೇ ಇಲ್ಲವೇ ತಿಳಿಯುತ್ತದೆ.

ಹಳ್ಳಿಗೆ ಮೊದಲು, ನಗರಕ್ಕೆ ತಡವಾಗಿ

ಊರಿನ ಜನ ಒಂದೆಡೆ ಸೇರಿ ತಮ್ಮ ಊರಿನ ಕೆಲಸದ ಬಗ್ಗೆ ಪ್ರಶ್ನೆ ಕೇಳುವುದನ್ನು ಕಾನೂನಿನೊಳಗೆ ತಂದ ರಾಜ್ಯಗಳಲ್ಲಿ ಕರ್ನಾಟಕ ಮುಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆ ಹೊಂದಿದ್ದ, ಕೊಳವೆಬಾವಿಗಳಿಂದಾಗಿ 'ನೀರ್ ಸಾಬ್' ಎಂದೇ ಜನ ಕರೆದ ಅಬ್ದುಲ್ ನಜೀರ್ ಸಾಬ್ ಅವರು 1983ರ ಪಂಚಾಯತ್ ಕಾಯ್ದೆಯನ್ನು ರೂಪಿಸಿದರು. ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತಿನ ಜೊತೆಗೆ ಗ್ರಾಮಸಭೆಗೂ ಅದರಲ್ಲಿ ಜಾಗ ಸಿಕ್ಕಿತು. 1987ರ ಜನವರಿಯಲ್ಲಿ ಅದರಡಿ ಚುನಾವಣೆ ನಡೆಯಿತು. ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದು ಇಡೀ ದೇಶದ ಗ್ರಾಮಸಭೆಗಳಿಗೆ 243ಎ ವಿಧಿಯ ಆಸರೆ ಸಿಕ್ಕಿದ್ದು 1993ರಲ್ಲಿ.

ನಗರದ ಕಥೆ ಬೇರೆ. 74ನೇ ತಿದ್ದುಪಡಿಯ 243ಎಸ್ ವಿಧಿ ವಾರ್ಡ್ ಸಮಿತಿ ಇರಲೇಬೇಕು ಎಂದಿತಾದರೂ ಎರಡು ಸಡಿಲ ಗಂಟು ಉಳಿಸಿತು. ಒಂದು, 3 ಲಕ್ಷಕ್ಕೆ ಕಡಿಮೆ ಜನಸಂಖ್ಯೆಯ ಊರಿಗೆ ಇದು ಕಡ್ಡಾಯವಲ್ಲ. 2011ರ ಜನಗಣತಿಯ ಲೆಕ್ಕ ಹಿಡಿದರೆ ಹಾಸನ, ಮಂಡ್ಯ, ಚಿಕ್ಕಮಗಳೂರು, ಕಾರವಾರ ಎಲ್ಲವೂ ಈ ಗೆರೆಯ ಕೆಳಗೇ. ಎರಡು, ಹಲವು ವಾರ್ಡುಗಳಿಗೆ ಸೇರಿಸಿ ಒಂದೇ ಸಮಿತಿ ಮಾಡಿದರೂ ನಡೆಯುತ್ತದೆ. ಹಾಗೆ ಮಾಡಿದ ಸಮಿತಿ ಜನರಿಂದ ಎಷ್ಟು ದೂರವಿರುತ್ತದೆ ಎಂದು ಹೇಳಬೇಕಿಲ್ಲ.

ವಾರ್ಡಿಗೊಂದು ಸಮಿತಿ, ಅದರ ಕೆಳಗೆ ಮತಗಟ್ಟೆಗಳ ಮಟ್ಟದ ಪ್ರದೇಶ ಸಭೆ ಎಂಬ ಏರ್ಪಾಡು ನಮ್ಮ ಮಹಾನಗರ ಪಾಲಿಕೆ ಕಾಯ್ದೆಗೆ ಸೇರಿದ್ದು 2011ರ ತಿದ್ದುಪಡಿಯಲ್ಲಿ. ಅದು ಬಂದ ದಾರಿಯನ್ನೂ ನೆನಪಿಡಬೇಕು. 2005ರ ಕೊನೆಯಲ್ಲಿ ಶುರುವಾದ ಜವಾಹರಲಾಲ್ ನೆಹರು ನಗರ ನವೀಕರಣ ಯೋಜನೆಯ ಹಣ ಬೇಕಾದರೆ ರಾಜ್ಯಗಳು ಜನರ ಪಾಲುದಾರಿಕೆಗೆ ಒಂದು ಕಾನೂನು ಮಾಡಲೇಬೇಕು ಎಂಬ ಷರತ್ತು ಇತ್ತು. ಅಂದರೆ ಬೀದಿಯ ಜನ ಹೋರಾಡಿ ಪಡೆದ ಕಾನೂನು ಇದಲ್ಲ. ಕೇಂದ್ರದ ಅನುದಾನದ ಬೆನ್ನಿಗೆ ಬಂದದ್ದು. ಆಮೇಲೆ ಅದು ವರ್ಷಗಟ್ಟಲೆ ಕಾಗದದಲ್ಲೇ ಮಲಗಿದ್ದಕ್ಕೆ ನನ್ನ ಪ್ರಕಾರ ಇದೇ ದೊಡ್ಡ ಕಾರಣ. ಬೇಕೆಂದು ಕೇಳಿದವರು ಕಡಿಮೆ ಇದ್ದಾಗ ಬೇಡವೆನ್ನುವವರಿಗೆ ಸುಮ್ಮನಿದ್ದರೆ ಸಾಕಾಗುತ್ತದೆ.

ಅದನ್ನು ಎಬ್ಬಿಸಿದ್ದು ಕಸ. ಬೆಂಗಳೂರಿನ ಕಸವನ್ನು ವರ್ಷಗಳ ಕಾಲ ಹೊತ್ತ ಮಾವಳ್ಳಿಪುರದ ಜನ 2012ರಲ್ಲಿ ಇನ್ನು ಸಾಧ್ಯವಿಲ್ಲ ಎಂದರು. ಅಲ್ಲಿನ ಕಸದ ರಾಶಿಗೆ ಬೀಗ ಬಿದ್ದು, ನಗರದ ಬೀದಿ ಬೀದಿಯಲ್ಲಿ ಕಸ ಗುಡ್ಡೆಯಾಯಿತು. ಹೈಕೋರ್ಟ್ ಮುಂದಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳ ವಿಚಾರಣೆಯಲ್ಲಿ ಒಂದು ಸರಳ ಪ್ರಶ್ನೆ ಮತ್ತೆ ಮತ್ತೆ ಎದ್ದಿತು: ಒಂದು ವಾರ್ಡಿನ ಕಸ ಆ ವಾರ್ಡಿನಲ್ಲೇ ವಿಂಗಡಣೆಯಾಗಿ ಅಲ್ಲೇ ಎಷ್ಟು ಸಾಧ್ಯವೋ ಅಷ್ಟು ಕರಗಬೇಕಾದರೆ ಅದನ್ನು ನೋಡಿಕೊಳ್ಳುವವರು ಯಾರು? ನ್ಯಾಯಾಲಯ ವಾರ್ಡ್ ಸಮಿತಿಗಳನ್ನು ರಚಿಸಿ ಎಂದು ಪಟ್ಟು ಹಿಡಿಯಿತು. 2014ರಲ್ಲಿ, ನಗರದ ಕಸ ಸುರಿಯುತ್ತಿದ್ದ ಇನ್ನೊಂದು ಹಳ್ಳಿಯಾದ ಮಂಡೂರಿನ ಜನರೂ ರಸ್ತೆಗಿಳಿದರು. ಆ ವರ್ಷದ ಕೊನೆಗೆ ಅಲ್ಲಿಗೂ ಲಾರಿ ಹೋಗುವುದು ನಿಂತಿತು.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನಗರದ ನಾವು ಇವತ್ತು ವಾರ್ಡ್ ಸಭೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಮಾತಾಡುವ ಹಕ್ಕಿನ ಹಿಂದೆ, ನಗರದ ವೋಟರ್ ಪಟ್ಟಿಯಲ್ಲೇ ಇಲ್ಲದ ಎರಡು ಹಳ್ಳಿಗಳ ಜನರ ಸಂಕಟವಿದೆ. ಅವರ ಬಾವಿಯ ನೀರು ಕೆಟ್ಟಿತ್ತು, ಅವರ ಮನೆಯ ಅನ್ನದ ಮೇಲೆ ನೊಣ ಕೂರುತ್ತಿತ್ತು. ನಮ್ಮ ವಾರ್ಡಿನ ಸಮಸ್ಯೆ ವಾರ್ಡಿನ ಗಡಿಗೆ ಮುಗಿಯುವುದಿಲ್ಲ ಎಂಬುದನ್ನು ಮೊದಲು ಹೇಳಿದವರು ಅವರು. ವಾರ್ಡ್ ಸಭೆಯಲ್ಲಿ ಯಾರಾದರೂ "ಕಸ ನಮ್ಮ ಬೀದಿಯಿಂದ ಹೋದರೆ ಸಾಕು" ಎಂದಾಗಲೆಲ್ಲ ನನಗೆ ಆ ಎರಡು ಊರುಗಳ ನೆನಪಾಗುತ್ತದೆ.

2016ರಲ್ಲಿ ನಿಯಮಗಳು ಬಂದವು. ವಾರ್ಡಿನ ಚುನಾಯಿತ ಸದಸ್ಯರು ಅಧ್ಯಕ್ಷರು, ನಾಮಕರಣಗೊಂಡ 10 ಮಂದಿ ಸದಸ್ಯರು. ಅವರಲ್ಲಿ ಕನಿಷ್ಠ 3 ಮಹಿಳೆಯರು, 2 ಮಂದಿ ಪರಿಶಿಷ್ಟ ಜಾತಿ ಅಥವಾ ಪಂಗಡದವರು, 2 ಮಂದಿ ನಿವಾಸಿಗಳ ಸಂಘಗಳಿಂದ ಬಂದವರು. ಬೆಂಗಳೂರಿನಲ್ಲಿ ತಿಂಗಳ ಮೊದಲ ಶನಿವಾರ ಸಭೆ ಎಂಬ ರೂಢಿ ನಿಧಾನಕ್ಕೆ ಬೇರು ಬಿಡತೊಡಗಿತು. ಅಷ್ಟರಲ್ಲಿ 2020ರ ಸೆಪ್ಟೆಂಬರ್ 10ಕ್ಕೆ ಪಾಲಿಕೆಯ ಅವಧಿ ಮುಗಿಯಿತು. ಅಲ್ಲಿಂದ ಮುಂದೆ ಐದು ವರ್ಷಕ್ಕೂ ಮಿಕ್ಕಿ ಇಡೀ ಮಹಾನಗರಕ್ಕೆ ಒಬ್ಬನೇ ಒಬ್ಬ ಚುನಾಯಿತ ವಾರ್ಡ್ ಸದಸ್ಯನೂ ಇರಲಿಲ್ಲ. ಅಧ್ಯಕ್ಷರ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಕೆಲವು ಅಧಿಕಾರಿಗಳು ಮನಸ್ಸಿಟ್ಟು ನಡೆಸಿದರು, ಅದನ್ನು ಒಪ್ಪಿಕೊಳ್ಳಬೇಕು. ಆದರೆ ವರ್ಗಾವಣೆಯಾಗಿ ಹೋಗುವವರನ್ನು ಮುಂದಿನ ಚುನಾವಣೆಯಲ್ಲಿ ಕೇಳಲು ಬರುವುದಿಲ್ಲವಲ್ಲ.

ಹಣ ಇದ್ದ ವರ್ಷ

ಆ ಅವಧಿಯಲ್ಲೇ ಒಂದು ಒಳ್ಳೆಯ ಪ್ರಯೋಗವೂ ನಡೆಯಿತು. ಬೆಂಗಳೂರಿನ 198 ವಾರ್ಡುಗಳ ಸಮಿತಿಗಳಿಗೆ ತಲಾ 60 ಲಕ್ಷ ರೂಪಾಯಿಯ ಕೆಲಸವನ್ನು ತಾವೇ ಗುರುತಿಸುವ ಅವಕಾಶ ಸಿಕ್ಕಿತು. ಗುಂಡಿ ಮುಚ್ಚಲು 20 ಲಕ್ಷ, ಫುಟ್‌ಪಾತಿಗೆ 20 ಲಕ್ಷ, ಕೊಳವೆಬಾವಿ ನಿರ್ವಹಣೆಗೆ 20 ಲಕ್ಷ. ಒಟ್ಟು ಸುಮಾರು 119 ಕೋಟಿ. ಪಾಲಿಕೆಯ ಇಡೀ ಆಯವ್ಯಯದ ಮುಂದೆ ಇದು ಚಿಲ್ಲರೆ ಕಾಸು.

ಆದರೂ ಆ ಚಿಲ್ಲರೆ ಕಾಸಿನಲ್ಲಿ ಒಂದು ಗುಣವಿದೆ. ಹಣವಿಲ್ಲದ ಸಭೆಯಲ್ಲಿ ಪ್ರತಿಯೊಬ್ಬರೂ ತಮ್ಮ ತಮ್ಮ ಮನೆ ಮುಂದಿನ ದೂರು ಹೇಳಿ ಕೂರುತ್ತಾರೆ, ಎಲ್ಲಕ್ಕೂ "ಆಗಲಿ" ಎನ್ನುವುದರಿಂದ ಯಾರಿಗೂ ನಷ್ಟವಿಲ್ಲ. ಕೈಯಲ್ಲಿ 20 ಲಕ್ಷ ಮಾತ್ರ ಇದೆ ಎಂದಾಗ, ಶಾಲೆಯ ಮುಂದಿನ ಫುಟ್‌ಪಾತ್ ಮೊದಲೋ ಪಾರ್ಕಿನ ಸುತ್ತಿನದೋ ಎಂದು ಎದುರು ಬದುರು ಕೂತು ತೀರ್ಮಾನಿಸಲೇಬೇಕಾಗುತ್ತದೆ. ಶಾಲೆಗೆ ಮಕ್ಕಳನ್ನು ಕಳಿಸದ ಹಿರಿಯರೂ ಶಾಲೆಯ ಪರವಾಗಿ ಕೈ ಎತ್ತಿದ್ದನ್ನು ನಾನು ನೋಡಿದ್ದೇನೆ. ದೂರು ಹೇಳುವವರು ಪಾಲುದಾರರಾಗುವುದು ಹಾಗೆ. ಪಕ್ಕದ ಕೇರಳ 1996ರಲ್ಲಿ ಜನಕೀಯ ಯೋಜನೆ ಶುರು ಮಾಡುವಾಗ ಯೋಜನಾ ವೆಚ್ಚದ ಶೇ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟುಕೊಟ್ಟಿದ್ದು ಇದೇ ತಿಳಿವಳಿಕೆಯಿಂದ. ಅಲ್ಲಿ ಮೊದಲು ಹಣ ಕೆಳಗೆ ಬಂತು, ಜನ ಅದರ ಹಿಂದೆ ಬಂದರು.

ಈಗ ಬೆಂಗಳೂರಿನ ನಕ್ಷೆಯೇ ಬದಲಾಗಿದೆ. 2025ರ ಮೇ ತಿಂಗಳಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಜಾರಿಗೆ ಬಂತು. ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾದವು. ಮೇಲೆ ಮುಖ್ಯಮಂತ್ರಿಗಳ ಅಧ್ಯಕ್ಷತೆಯ ಪ್ರಾಧಿಕಾರ. ಐದೂ ಸೇರಿ 369 ವಾರ್ಡು. 2011ರ ಜನಗಣತಿಯ 84.4 ಲಕ್ಷ ಜನರನ್ನು ಹಂಚಿದರೆ, 198 ವಾರ್ಡುಗಳಿದ್ದಾಗ ಒಂದಕ್ಕೆ ಸರಾಸರಿ 42 ಸಾವಿರಕ್ಕೂ ಹೆಚ್ಚು ಜನ ಬರುತ್ತಿದ್ದರು. ಈಗ ಸುಮಾರು 23 ಸಾವಿರ. ಕಾಯ್ದೆ ವಾರ್ಡ್ ಸಮಿತಿಯನ್ನು ಉಳಿಸಿಕೊಂಡಿದೆ. ವಾರ್ಡ್ ಚಿಕ್ಕದಾದಷ್ಟೂ ಸಭೆಗೆ ಕಸುವು ಬರುತ್ತದೆ ಎಂಬುದನ್ನು ನಾನು ನಂಬುತ್ತೇನೆ. 23 ಸಾವಿರ ಜನರ ವಾರ್ಡಿನಲ್ಲಿ ಮಾರಮ್ಮನ ಗುಡಿ ಎಲ್ಲಿದೆ ಎಂದು ಎಂಜಿನಿಯರ್‌ಗೂ ಗೊತ್ತಿರುವ ಸಾಧ್ಯತೆ ಹೆಚ್ಚು. ಆದರೆ ನಿರ್ಧಾರದ ಹಗ್ಗದ ತುದಿ ಪ್ರಾಧಿಕಾರದ ಕೈಯಲ್ಲೇ ಉಳಿದು, ವಾರ್ಡಿಗೆ ಬರೀ ಸಭೆ ನಡೆಸುವ ಕೆಲಸ ಉಳಿದರೆ, 198ರಲ್ಲಿ ನಡೆದದ್ದೇ 369ರಲ್ಲಿ ನಡೆಯುತ್ತದೆ.

"ನಮ್ಮ ವ್ಯಾಪ್ತಿಗೆ ಬರಲ್ಲ"

ವಾರ್ಡ್ ಸಭೆಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದು. ಸುಳ್ಳಲ್ಲ, ಹಾಗಾಗಿಯೇ ಕಷ್ಟ.

ಒಂದು ಸಾಧಾರಣ ರಸ್ತೆಯನ್ನೇ ತೆಗೆದುಕೊಳ್ಳಿ. ಡಾಂಬರು ಪಾಲಿಕೆಯದು, ಅದೂ ಚಿಕ್ಕ ರಸ್ತೆಯಾದರೆ ವಾರ್ಡಿನ ಎಂಜಿನಿಯರ್, ದೊಡ್ಡ ರಸ್ತೆಯಾದರೆ ಬೇರೆ ವಿಭಾಗ. ಅದರ ಕೆಳಗಿನ ಕುಡಿಯುವ ನೀರಿನ ಪೈಪು, ಒಳಚರಂಡಿ ಜಲಮಂಡಳಿಯದು. ಮಳೆನೀರಿನ ಚರಂಡಿ ಮತ್ತೆ ಪಾಲಿಕೆಯದು. ಅದು ರಾಜಕಾಲುವೆಗೆ ಸೇರುವ ಜಾಗದಿಂದ ಇನ್ನೊಂದು ವಿಭಾಗ. ಟ್ರಾನ್ಸ್‌ಫಾರ್ಮರ್ ಬೆಸ್ಕಾಂನದು. ಕಂಬದ ಮೇಲೆ ಜೋತಾಡುವ ಕೇಬಲ್ ಯಾವುದೋ ಖಾಸಗಿ ಕಂಪನಿಯದು. ಬೇರು ಬಿಟ್ಟು ಫುಟ್‌ಪಾತ್ ಎತ್ತಿದ ಮರಕ್ಕೆ ಅರಣ್ಯ ವಿಭಾಗ. ಅಡ್ಡಾದಿಡ್ಡಿ ನಿಲ್ಲಿಸಿದ ವಾಹನಕ್ಕೆ ಸಂಚಾರ ಪೊಲೀಸರು. ಮನೆ ಮುಂದೆ ನಿಂತ ಒಂದೇ ಕೊಚ್ಚೆಗುಂಡಿಗೆ ಮೂವರು ಯಜಮಾನರು ಇರಬಹುದು. ನಿವಾಸಿಗೆ ಕಾಣುವುದು ಒಂದೇ ಗುಂಡಿ.

ಈ ಎಲ್ಲ ಇಲಾಖೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸುವುದು ವಾರ್ಡ್ ಸಭೆಯಿಂದ ಆಗಬಹುದಾದ ಬಹುದೊಡ್ಡ ಕೆಲಸ. ಜಲಮಂಡಳಿಯ ಎಂಜಿನಿಯರ್ ಮತ್ತು ರಸ್ತೆಯ ಎಂಜಿನಿಯರ್ ಇಬ್ಬರೂ ಇದ್ದ ಸಭೆಯಲ್ಲಿ, ಮುಂದಿನ ತಿಂಗಳು ಪೈಪಿಗಾಗಿ ಅಗೆಯಲಿರುವ ರಸ್ತೆಗೆ ಈ ತಿಂಗಳು ಡಾಂಬರು ಹಾಕುವುದು ತಪ್ಪಿದ್ದುಂಟು. ಅವರಲ್ಲಿ ಒಬ್ಬರು ಬರದಿದ್ದರೆ ಆ ದಿನದ ಅರ್ಧ ಮಾತು ವ್ಯರ್ಥ. ಹಾಜರಿ ಪುಟದಲ್ಲಿ ಬಂದವರ ಸಹಿ ಇರುತ್ತದೆ. ಬರಬೇಕಾಗಿದ್ದು ಬರದವರ ಹುದ್ದೆಯನ್ನೂ ಬರೆಯಬೇಕು ಎಂದು ನಿವಾಸಿಗಳು ಕೇಳಿ ಬರೆಸಬೇಕು.

ಇನ್ನೊಂದು ಸಂಗತಿ ಕಾಲದ್ದು. ಇದನ್ನು ಹೊಸದಾಗಿ ಸಭೆಗೆ ಬರುವವರಿಗೆ ಯಾರೂ ಹೇಳಿಕೊಡುವುದಿಲ್ಲ. ಹೊಸ ಚರಂಡಿ, ಹೊಸ ಫುಟ್‌ಪಾತ್, ಹೊಸ ದೀಪದ ಲೈನ್ ಏನೇ ಆಗಬೇಕಾದರೂ ಅದು ಮೊದಲು ಕ್ರಿಯಾ ಯೋಜನೆಯಲ್ಲಿ, ಅಂದರೆ ಆ ವರ್ಷ ಮಾಡುವ ಕೆಲಸಗಳ ಪಟ್ಟಿಯಲ್ಲಿ, ಸೇರಬೇಕು. ಆಮೇಲೆ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಏಪ್ರಿಲಿಗೆ ಹೊಸ ಹಣಕಾಸು ವರ್ಷ ಶುರುವಾಗುವುದರಿಂದ ಅದಕ್ಕೆ ಮುಂಚಿನ ನಾಲ್ಕೈದು ತಿಂಗಳಲ್ಲಿ ಹೇಳಿದ ಮಾತಿಗೆ ಕ್ರಿಯಾ ಯೋಜನೆಯ ಬಾಗಿಲು ತೆರೆದಿರುತ್ತದೆ. ಜೂನ್ ತಿಂಗಳಲ್ಲಿ ಮಳೆ ನೀರು ಮನೆಗೆ ನುಗ್ಗಿದ ಮೇಲೆ ನಾವು ಗಲಾಟೆ ಮಾಡುತ್ತೇವೆ. ಅಷ್ಟು ಹೊತ್ತಿಗೆ ಆ ವರ್ಷದ ಪಟ್ಟಿ ಮುಗಿದಿರುತ್ತದೆ; ಹೂಳೆತ್ತಬಹುದು, ಚಪ್ಪಡಿ ಬದಲಿಸಬಹುದು, ಚರಂಡಿ ಅಗಲ ಮಾಡಲಾಗುವುದಿಲ್ಲ. ಮಳೆಯ ಮಾತನ್ನು ಕಾರ್ತೀಕ ಮಾಸದಲ್ಲೇ ಆಡಬೇಕು. ಸಭೆ ನಡೆಸುವವರು ನವೆಂಬರಿನ ಕಾರ್ಯಸೂಚಿಯಲ್ಲಿ "ಕಳೆದ ಮಳೆಗಾಲದಲ್ಲಿ ನೀರು ನಿಂತ ಜಾಗಗಳು" ಎಂದು ಒಂದು ವಿಷಯ ಸೇರಿಸಿದರೆ ಎಷ್ಟೋ ಮನೆಗಳಿಗೆ ಉಪಕಾರವಾಗುತ್ತದೆ.

ಹೊಸ ರಸ್ತೆ ವರ್ಷ ತುಂಬುವ ಮೊದಲೇ ಕಿತ್ತುಹೋದರೆ ಕೇಳಬೇಕಾದ ಪ್ರಶ್ನೆಯೂ ಬೇರೆಯೇ. "ಯಾವಾಗ ರಿಪೇರಿ ಮಾಡ್ತೀರಿ" ಎಂದು ಕೇಳಿದರೆ "ಗ್ರ್ಯಾಂಟ್ ಇಲ್ಲ ಸರ್" ಎಂಬ ಉತ್ತರ ಸಿದ್ಧ. ಕಾಮಗಾರಿ ಮುಗಿದ ಮೇಲೆ ಇಂತಿಷ್ಟು ಕಾಲ ದೋಷ ಸರಿಪಡಿಸುವ ಹೊಣೆ ಗುತ್ತಿಗೆದಾರನದೇ ಇರುತ್ತದೆ. ಕಚೇರಿಯಲ್ಲಿ ಅದನ್ನು ಡಿಎಲ್‌ಪಿ ಎನ್ನುತ್ತಾರೆ. "ಈ ರಸ್ತೆಯ ಡಿಎಲ್‌ಪಿ ಎಂದಿಗೆ ಮುಗಿಯುತ್ತದೆ?" ಎಂದು ಕೇಳಿದಾಗ ಗ್ರ್ಯಾಂಟಿನ ಮಾತು ಬರುವುದಿಲ್ಲ. ಇಂಥ ನಾಲ್ಕು ಪದ ಗೊತ್ತಿರುವ ಒಬ್ಬರು ಪ್ರತಿ ಬೀದಿಯಲ್ಲಿ ಇದ್ದರೆ ಸಭೆಯ ಬಣ್ಣವೇ ಬೇರೆ.

ಯಾರ ಮಾತು ಕೋಣೆಗೆ ಬರುವುದೇ ಇಲ್ಲ

ನಾನು ಹೋಗುವ ಸಭೆಗೆ ಬರುವವರನ್ನು ನೋಡಿದರೆ ಬಹುಪಾಲು ನಿವೃತ್ತರು, ಸ್ವಂತ ಮನೆಯವರು, ಗಂಡಸರು. ಅವರ ಮೇಲೆ ನನಗೆ ಗೌರವವಿದೆ. ಅವರಿಲ್ಲದೆ ಹೋಗಿದ್ದರೆ ಸಭೆಯೇ ಇರುತ್ತಿರಲಿಲ್ಲ. ಆದರೆ ಹನ್ನೊಂದು ತಿಂಗಳ ಕರಾರಿನ ಬಾಡಿಗೆದಾರರು ಬರುವುದಿಲ್ಲ, ಮುಂದಿನ ವರ್ಷ ಯಾವ ವಾರ್ಡಿನಲ್ಲಿರುತ್ತೇವೋ ಎಂಬ ಅನುಮಾನ ಅವರಿಗೆ. ನಸುಕಿನಲ್ಲೇ ಹಾಜರಿ ಹಾಕಿ ಪೊರಕೆ ಹಿಡಿಯುವ ಪೌರಕಾರ್ಮಿಕರು, ವಾರ್ಡಿನ ಪ್ರತಿ ತಿರುವಿನ ಕಸ ಯಾವ ಮನೆಯದೆಂದು ಬಲ್ಲವರು, ಸಭೆಯ ಹೊತ್ತಿಗೆ ಕೆಲಸದಲ್ಲಿರುತ್ತಾರೆ. ಮನೆಗೆಲಸದವರು ಹತ್ತು ಮನೆಯ ನಡುವೆ ಓಡುತ್ತಿರುತ್ತಾರೆ.

ಭಾಷೆಯೂ ಒಂದು ಗೋಡೆ. ದೊಡ್ಡ ಅಪಾರ್ಟ್‌ಮೆಂಟುಗಳಿಂದ ಬಂದವರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಮಾತಾಡುತ್ತಾರೆ. ಹಳೆಯ ಬೀದಿಯವರು ಕನ್ನಡ, ತಮಿಳು, ತೆಲುಗು, ಉರ್ದುವಿನಲ್ಲಿ. ನಡಾವಳಿ ಮಾತ್ರ ಇಬ್ಬರಿಗೂ ಅರ್ಥವಾಗದ ಕಚೇರಿ ಕನ್ನಡದಲ್ಲಿ. "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ನಿಯಮಾನುಸಾರ ಪರಿಶೀಲಿಸಿ ಕ್ರಮ ವಹಿಸಲಾಗುವುದು" ಎಂಬ ವಾಕ್ಯದಲ್ಲಿ ಕನ್ನಡದ ತಪ್ಪೇನಿಲ್ಲ. ಅದನ್ನು ಹೂವಿನಮ್ಮನ ಮಾತಿನ ಪಕ್ಕದಲ್ಲಿಟ್ಟು ಓದಿ. ಯಾರು, ಯಾವುದನ್ನು, ಎಂದಿಗೆ ಮಾಡುತ್ತಾರೆ ಎಂಬುದು ಯಾವ ಕನ್ನಡದಲ್ಲಿದೆ?

ಎಲ್ಲಕ್ಕಿಂತ ನೋವಾಗುವುದು ಒಬ್ಬರ ದೂರು ಇನ್ನೊಬ್ಬರ ಹೊಟ್ಟೆಪಾಡಾಗಿರುವಾಗ. "ಫುಟ್‌ಪಾತ್ ಒತ್ತುವರಿ ತೆರವು ಮಾಡಿ" ಎಂಬುದು ಕಾರ್ಯಸೂಚಿಯಲ್ಲಿ ಪದೇ ಪದೇ ಬರುವ ವಿಷಯ. ಊರುಗೋಲು ಹಿಡಿದ ಅಜ್ಜಿ ರಸ್ತೆಗಿಳಿದು ನಡೆಯುವಂತಾಗಬಾರದು, ನಿಜ. ಆದರೆ ಆ ಮಾತು ಆಡುವಾಗ ಸೊಪ್ಪಿನ ಗಾಡಿಯವನು ಅಲ್ಲಿರುವುದಿಲ್ಲ. ಫುಟ್‌ಪಾತ್ ಮೇಲೆ ಕಾರು ನಿಲ್ಲಿಸುವವರು ಇರುತ್ತಾರೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಈ ವಿಷಯದಲ್ಲಿ ವಾರ್ಡ್ ಸಮಿತಿಯ ನಿಯಮಕ್ಕಿಂತ ಮುಂದಿದೆ. ಅದರಡಿಯ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಆರಿಸಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರಿರಬೇಕು. ಯಾರ ಬದುಕಿನ ಬಗ್ಗೆ ತೀರ್ಮಾನವಾಗುತ್ತದೋ ಅವರು ಕೋಣೆಯಲ್ಲಿ ಇರಬೇಕು ಎಂಬ ತತ್ವ ಅದು. ಗಾಡಿಯವರಿಲ್ಲದ ಸಭೆಯಲ್ಲಿ ಗಾಡಿ ಎತ್ತಿಸುವ ತೀರ್ಮಾನ ಮಾಡಬಾರದು ಎಂದು ನಾನು ಎದ್ದು ನಿಂತು ಹೇಳಿದ್ದೇನೆ. ಅಂದು ಅಕ್ಕಪಕ್ಕದ ಮನೆಯವರ ಮುಖ ಗಂಟಾಯಿತು. ಇವತ್ತೂ ಅದೇ ಮಾತು ಹೇಳುತ್ತೇನೆ.

ಲೆಕ್ಕ ಓದುವ ದಿನ

ಹಳ್ಳಿಯಿಂದ ನಗರ ಕಲಿಯಬೇಕಾದ ಒಂದು ರೂಢಿಯಿದೆ: ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಗ್ರಾಮ ಪಂಚಾಯಿತಿ ಹಿಂದಿನ ಸಾಲಿನ ಲೆಕ್ಕವನ್ನು ಊರವರ ಮುಂದೆ ಬಿಚ್ಚಿಡಬೇಕು. ಯಾವ ಕೆಲಸಕ್ಕೆ ಎಷ್ಟು ಖರ್ಚಾಯಿತು ಎಂದು ಓದಬೇಕು. ಕೆಲಸ ನಡೆದ ಜಾಗಕ್ಕೇ ಹೋಗಿ ನೋಡಲು ಅವಕಾಶವಿದೆ. ಎಲ್ಲ ಪಂಚಾಯಿತಿಯಲ್ಲೂ ಇದು ಮನಸ್ಸಿಟ್ಟು ನಡೆಯುತ್ತದೆ ಎಂದಲ್ಲ. ಸಹಿ ಹಾಕಿಸಿ ಮುಗಿಸುವವರೂ ಇದ್ದಾರೆ. ಆದರೆ ಚರಂಡಿಯ ಉದ್ದವನ್ನು ಟೇಪು ಹಿಡಿದು ಅಳೆದು, ಬಿಲ್ಲಿನಲ್ಲಿ ಬರೆದ ಮೀಟರಿನ ಜೊತೆ ಹೋಲಿಸುವ ಹಕ್ಕು ಒಬ್ಬ ಕೂಲಿಯವನಿಗೂ ಇದೆ. ಕೋಟಿಗಟ್ಟಲೆ ಕಾಮಗಾರಿ ನಡೆಯುವ ನಗರದ ವಾರ್ಡಿನಲ್ಲಿ ಲೆಕ್ಕ ಓದುವ ಇಂಥ ಒಂದು ದಿನ ರೂಢಿಗೆ ಬಂದಿಲ್ಲ. ಬರಬೇಕು. ವರ್ಷಕ್ಕೊಮ್ಮೆ, ಬೀದಿಯಲ್ಲೇ, ಅಂದಾಜುಪಟ್ಟಿ ಕೈಯಲ್ಲಿ ಹಿಡಿದು.

ಅದಕ್ಕೆ ಕಾನೂನು ತಿದ್ದುವವರೆಗೆ ಕಾಯಬೇಕಿಲ್ಲದ ಕೆಲಸವೂ ಇದೆ. ಸರ್ಕಾರಿ ಕೆಲಸಗಳ ಪ್ರಗತಿ ನೋಡುವ ಜಿಲ್ಲಾ, ತಾಲ್ಲೂಕು ಮಟ್ಟದ ಕೆಡಿಪಿ ಸಭೆಗಳಲ್ಲಿ ಕೂತವರಿಗೆ ಗೊತ್ತು, ಮೊದಲ ವಿಷಯವೇ ಹಿಂದಿನ ಸಭೆಯ ಅನುಪಾಲನಾ ವರದಿ. ಹೇಳಿದ್ದೇನು, ಮಾಡಿದ್ದೇನು, ಆಗದಿದ್ದರೆ ಏಕೆ. ಶಾಸಕರು ಸಚಿವರು ಅಧಿಕಾರಿಗಳನ್ನು ನಿಲ್ಲಿಸಿ ಕೇಳುವುದು ಅದನ್ನು ಹಿಡಿದೇ. ವಾರ್ಡ್ ಸಭೆ ಹೀಗೆ ಶುರುವಾದರೆ ಮೊದಲ ಹದಿನೈದು ನಿಮಿಷ ಹಳೆಯ ದೂರುಗಳಿಗೆ ಹೋಗುತ್ತದೆ, ಹೊಸ ದೂರು ಹೇಳಲು ಬಂದವರಿಗೆ ಸ್ವಲ್ಪ ತಾಳ್ಮೆ ಬೇಕಾಗುತ್ತದೆ. ನಮ್ಮಲ್ಲಿ ಇದನ್ನು ರೂಢಿಗೆ ತರಲು ಆರು ಸಭೆ ಹಿಡಿಯಿತು. ಮೊದಲೆರಡು ಸಲ ವರದಿ ತಂದಿರಲೇ ಇಲ್ಲ. ಮೂರನೇ ಸಲ ತಂದ ಹಾಳೆಯಲ್ಲಿ ಎಲ್ಲದರ ಮುಂದೆಯೂ "ಪ್ರಗತಿಯಲ್ಲಿದೆ" ಎಂದಿತ್ತು. ಯಾವುದು ಎಷ್ಟು ಪ್ರಗತಿಯಲ್ಲಿದೆ ಎಂದು ಒಂದೊಂದಾಗಿ ಕೇಳಿದೆವು. ಸಿಟ್ಟು ಮಾಡಲಿಲ್ಲ, ಕೂಗಾಡಲಿಲ್ಲ, ಬರೀ ಕೇಳಿದೆವು. ಆರನೇ ಸಭೆಗೆ ಬಂದ ಹಾಳೆಯಲ್ಲಿ ದಿನಾಂಕಗಳಿದ್ದವು.

ನಡಾವಳಿಯ ಪ್ರತಿ ಸಿಗದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ಕೇಳಬಹುದು, 30 ದಿನದಲ್ಲಿ ಉತ್ತರ ಕೊಡಬೇಕು. ಆದರೆ ಅದಕ್ಕಿಂತ ಸುಲಭದ ದಾರಿ, ಸಭೆ ಮುಗಿಯುವ ಮೊದಲೇ ಬರೆದದ್ದನ್ನು ಗಟ್ಟಿಯಾಗಿ ಓದಿಸುವುದು. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಒಬ್ಬರು ಇದನ್ನು ಶುರು ಮಾಡಿದರು. "ಸ್ವಾಮಿ, ನಾನು ಹೇಳಿದ್ದು ಹೇಗೆ ಬರೆದಿದ್ದೀರಿ, ಒಂದ್ಸಲ ಓದಿ" ಎಂದು ಮೆಲುದನಿಯಲ್ಲಿ ಕೇಳುತ್ತಾರೆ. ಗುಮಾಸ್ತರು ಓದುತ್ತಾರೆ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಅವರಿಗೂ ಬೇಸರವಿಲ್ಲ, ಆ ಮನುಷ್ಯ ಎರಡು ಗಂಟೆ ಹೊತ್ತು ಇಪ್ಪತ್ತು ಜನರ ಮಾತನ್ನು ಒಬ್ಬರೇ ಬರೆಯುತ್ತಿರುತ್ತಾರೆ, ಕೈ ನೋವಾಗದೆ ಇರುತ್ತದೆಯೇ?

ಮೂರು ದೀಪದ ಕಥೆಗೂ ದಾರಿ ಮಾಡಿಕೊಟ್ಟವರು ಆ ಮೇಷ್ಟ್ರೇ. ಒಂದು ಸಂಜೆ ಹೂವಿನಮ್ಮನ ಜೊತೆ ನಡೆದು, ಕಂಬಗಳ ಮೇಲೆ ಬಣ್ಣದಲ್ಲಿ ಬರೆದ ಸಂಖ್ಯೆಗಳನ್ನು ಮೊಬೈಲ್ ಟಾರ್ಚ್ ಹಿಡಿದು ಓದಿ, ಚೀಟಿಯಲ್ಲಿ ಬರೆದುಕೊಂಡರು. ಒಂದರ ಮೇಲೆ ಸಿನಿಮಾ ಪೋಸ್ಟರ್ ಅಂಟಿಸಿದ್ದರು, ಅದನ್ನು ಉಗುರಿನಿಂದ ಕೆರೆದು ನೋಡಬೇಕಾಯಿತು. ಮುಂದಿನ ಸಭೆಯ ನಡಾವಳಿಯಲ್ಲಿ ಮೂರು ಸಂಖ್ಯೆ, ಗುಡಿ, ಆಟೋ ಸ್ಟ್ಯಾಂಡ್, ಗಲ್ಲಿಯ ಬಾಯಿ, ಹತ್ತು ದಿನದ ಗಡುವು ಎಲ್ಲವೂ ಸೇರಿದವು. ಗುಡಿಯ ಹತ್ತಿರದ್ದೂ ಆಟೋ ಸ್ಟ್ಯಾಂಡಿನದೂ ವಾರದಲ್ಲಿ ಉರಿದವು. ಗಲ್ಲಿ ಬಾಯಿಯ ಕಂಬಕ್ಕೆ ಬಲ್ಬು ಬದಲಿಸಿದರೆ ಸಾಲದು, ಲೈನೇ ಎಳೆಯಬೇಕು, ಅದು ಕ್ರಿಯಾ ಯೋಜನೆಗೆ ಹೋಗಬೇಕು ಎಂದರು.

ಅಷ್ಟರಲ್ಲಿ ವಾರ್ಡಿನ ಗಡಿ ಹೊಸದಾಗಿ ಎಳೆದರು. ಗಲ್ಲಿಯ ಬಾಯಿ ಈಗ ಪಕ್ಕದ ವಾರ್ಡಿಗೆ ಸೇರಿದೆ. ಆ ಕಂಬದ ಸಂಖ್ಯೆ ಬರೆದ ಪುಸ್ತಕ ಹಳೆಯ ಕಚೇರಿಯ ಬೀರುವಿನಲ್ಲಿದೆ. ಪುಸ್ತಕವನ್ನಾದರೂ ಹೊಸ ವಾರ್ಡಿಗೆ ಕೊಡಿ, ಇಲ್ಲವೇ ಬಾಕಿ ಉಳಿದ ವಿಷಯಗಳ ಪಟ್ಟಿಯನ್ನಾದರೂ ಕಳಿಸಿ ಎಂದು ಮೇಷ್ಟ್ರೂ ನಾನೂ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಹೊಸ ವಾರ್ಡಿನ ಮೊದಲ ಸಭೆ ಕರೆದ ದಿನ ಹೂವಿನಮ್ಮನನ್ನು ಕರೆದುಕೊಂಡು ಹೋಗಬೇಕು. ಅಂದು ಬುಟ್ಟಿ ನೋಡಿಕೊಳ್ಳಲು ಪಕ್ಕದ ಬಾಳೆಹಣ್ಣಿನ ಗಾಡಿಯವರು ಒಪ್ಪಿದ್ದಾರೆ.